ಬಸ್ಸಿನ ಬಾನೆಟ್ ಮೇಲೆ ಬಿಸಿಯಾದ ಜೀವಕೋಶಗಳು

ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಬಿಸ್ಕತ್ತು ಮುಗಿಸಿ, ಹೊರಡುವಾಗ "ಶಮೀಮ್ ಮೇಡಂ, ಏನಾದರೂ ಬುದ್ಧಿ ಹೇಳಿ" ಅನ್ನುತ್ತಾರೆ. ಹಂಚುವಷ್ಟು ಬುದ್ಧಿ ನನ್ನ ಹತ್ತಿರ ಇಲ್ಲ. ಚಳ್ಳಕೆರೆಯ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಒಂದೇ ಸ್ಟೂಲಿನ ಮೇಲೆ ಇಪ್ಪತ್ತೊಂಬತ್ತು ವರ್ಷ ಕೂತವಳು ನಾನು. ಕಫ, ರಕ್ತ, ಮೂತ್ರ, ಮಲ, ಇವುಗಳ ಜೊತೆಗೇ ನನ್ನ ಸಂಸಾರ. ಯಾವ ವರ್ಷ ಸೀನಿಯರ್ ಆದೆ, ಯಾರು ಹಾರ ಹಾಕಿದರು ಎಂಬುದೆಲ್ಲ ನನಗೇ ಮರೆತುಹೋಗಿದೆ. ಮಾಡಿದ ತಪ್ಪುಗಳು ಮಾತ್ರ ಒಂದೂ ಮರೆತಿಲ್ಲ. ಅವುಗಳಲ್ಲಿ ದೊಡ್ಡದೊಂದನ್ನು ಇಲ್ಲಿ ಬರೆಯುತ್ತೇನೆ. ಬುದ್ಧಿ ಬೇಕಾದವರು ಅದರಿಂದಲೇ ಹೆಕ್ಕಿಕೊಳ್ಳಲಿ.

ನಮ್ಮ ಕಾಲದ ಲ್ಯಾಬ್ ನೋಡಿದರೆ ನೀವು ನಗುತ್ತೀರಿ. ಸ್ಲೈಡಿನ ಗಾಜನ್ನು ತೊಳೆದು, ಒರೆಸಿ, ಮತ್ತೆ ಬಳಸುತ್ತಿದ್ದೆವು. ಸ್ಪಿರಿಟ್ ಇಡುವುದು ಖಾಲಿ ಜಾಮ್ ಬಾಟಲಿಯಲ್ಲಿ. ಕರೆಂಟು ಹೋದರೆ ಮೈಕ್ರೋಸ್ಕೋಪಿನ ಅಡಿಯ ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿಕೊಂಡು ಕೆಲಸ ಮುಂದುವರಿಸುತ್ತಿದ್ದೆವು. ಚಳ್ಳಕೆರೆಯಲ್ಲಿ ಬಿಸಿಲಿಗೇನು ಬರವೇ!

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಹೊರಜಿಲ್ಲೆಯ ಮೆಡಿಕಲ್ ಕಾಲೇಜೊಂದರಿಂದ ಡಾಕ್ಟರ್ ಸುಮಂಗಲಾ ನಮ್ಮಲ್ಲಿಗೆ ಬರತೊಡಗಿದರು. ಕುಳ್ಳಗಿನ ಹೆಂಗಸು. ಮೂಗಿನ ತುದಿಯಲ್ಲಿ ಕನ್ನಡಕ, ಅದೇ ತುದಿಯಲ್ಲಿ ಸಿಟ್ಟು. ಹೆಂಗಸರ ಗರ್ಭಕೋಶದ ಕೊರಳಿನಲ್ಲಿ ಆಗುವ ಕ್ಯಾನ್ಸರ್ ಅವರ ಅಭ್ಯಾಸದ ವಿಷಯ. ನಮ್ಮ ಕಡೆಯ ಹಳ್ಳಿಗಳಲ್ಲಿ ಶಿಬಿರ ಮಾಡಿ, ಸ್ಯಾಂಪಲ್ ತೆಗೆದು, ನನ್ನ ಲ್ಯಾಬಿನಲ್ಲೇ ಬಣ್ಣ ಹಾಕಿಸಿ ನೋಡಬೇಕು ಎಂಬುದು ಅವರ ಯೋಜನೆ. ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು:

"ಮೊಟ್ಟೆ ಬೇಯಿಸಿದ್ದೀರಾ?"

ಇದೆಂಥ ಪ್ರಶ್ನೆ ಎಂದುಕೊಂಡು "ಹೂಂ" ಅಂದೆ.

"ಲೋಳೆ ಇದ್ದದ್ದು ಗಟ್ಟಿ ಯಾಕಾಗುತ್ತೆ? ಬಿಸಿಗೆ ಅದರೊಳಗಿನ ಪ್ರೋಟೀನು ಆಕಾರ ಕಳೆದುಕೊಳ್ಳುತ್ತೆ, ಅದಕ್ಕೆ. ನಮ್ಮ ಒಂದೊಂದು ಜೀವಕೋಶದೊಳಗೂ ಸಾವಿರಾರು ಪ್ರೋಟೀನು ಇವೆ. ಒಂದೊಂದಕ್ಕೂ ಒಂದೊಂದು ಮಡಿಕೆ. ಬಿಸಿ ತಾಗಿದರೆ, ವಿಷ ಸೇರಿದರೆ, ವೈರಸ್ ಹೊಕ್ಕರೆ ಆ ಮಡಿಕೆ ಕೆಡುತ್ತೆ. ಆಗ ಕೋಶ ತಾನೇ ಒಂದು ಬಗೆಯ ಪ್ರೋಟೀನನ್ನು ಜಾಸ್ತಿ ಮಾಡಿಕೊಳ್ಳುತ್ತೆ. ಕೆಟ್ಟ ಮಡಿಕೆಗಳನ್ನು ಹಿಡಿದು ಸರಿ ಮಾಡೋದು ಅವುಗಳ ಕೆಲಸ. ಅವನ್ನೇ ಒತ್ತಡದ ಪ್ರೋಟೀನು ಅನ್ನೋದು."

"ಒಳ್ಳೇದೇ ಆಯ್ತಲ್ಲ ಮೇಡಂ."

"ಒಳ್ಳೇದೇ. ಆದರೆ ಅವಕ್ಕೆ ಒಳ್ಳೆ ಕೋಶ ಯಾವುದು, ಕೆಟ್ಟ ಕೋಶ ಯಾವುದು ಅಂತ ಗೊತ್ತಾಗಲ್ಲ. ಗರ್ಭಕೋಶದ ಕೊರಳಿನಲ್ಲಿ ಒಂದು ವೈರಸ್ ಬಂದು ಸೇರುತ್ತೆ. ಎಷ್ಟೋ ಜನರಲ್ಲಿ ತಾನಾಗಿ ಹೋಗುತ್ತೆ. ಕೆಲವರಲ್ಲಿ ವರ್ಷಗಟ್ಟಲೆ ಕೂತು ಕೋಶವನ್ನು ಕೆಡಿಸುತ್ತೆ. ಅಂಥ ಕೋಶ ಸಾಯಬೇಕು. ಈ ಪ್ರೋಟೀನುಗಳು ಅದನ್ನೂ ಸಾಯದ ಹಾಗೆ ಕಾಯ್ತವೆ. ಅದು ಬದುಕಿ, ಬೆಳೆದು, ಕೊನೆಗೆ ಆ ಹೆಂಗಸನ್ನೇ ತಿನ್ನುತ್ತೆ."

"ಮನೆ ಕಾಯೋನೇ ಕಳ್ಳನಿಗೂ ಊಟ ಹಾಕಿದಂಗೆ" ಅಂದೆ.

"ಉಪಮೆ ಬೇಡ, ಕೆಲಸ ಕಲೀರಿ" ಅಂದರು.

ಆದರೆ ನನ್ನ ತಲೆಗೆ ಹುಳ ಬಿಟ್ಟಾಗಿತ್ತು. ಸ್ವಲ್ಪವೇ ಕೆಟ್ಟ ಕೋಶಗಳಿರುವ ಹೆಂಗಸರಲ್ಲಿ ಯಾರದು ಸರಿಹೋಗುತ್ತದೆ, ಯಾರದು ಕ್ಯಾನ್ಸರ್ ಆಗುತ್ತದೆ ಎಂದು ಈ ಪ್ರೋಟೀನು ಮುಂಚಿತವಾಗಿ ಹೇಳಬಲ್ಲುದೇ? ಹಾಗೆಂದು ಕೇಳಿದ್ದಕ್ಕೆ ಅವರು, "ಗೊತ್ತಿದ್ದರೆ ನಾನು ಈ ಬಿಸಿಲಲ್ಲಿ ಇಲ್ಲಿಗೆ ಯಾಕೆ ಬರ್ತಿದ್ದೆ?" ಎಂದು ಗದರಿದರು. ಅಷ್ಟು ದೊಡ್ಡ ಡಾಕ್ಟರು "ಗೊತ್ತಿಲ್ಲ" ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತಿನಿಂದ ಅವರು ಬೈದರೂ ನನಗೆ ಬೇಜಾರಾಗುತ್ತಿರಲಿಲ್ಲ.

ಪ್ರತಿ ಹೆಂಗಸಿನಿಂದ ಎರಡು ಸ್ಯಾಂಪಲ್. ಮರದ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಕೆರೆದು ಒಂದನ್ನು ಗಾಜಿಗೆ ಬಳಿದು ಕೂಡಲೇ ಸ್ಪಿರಿಟ್‌ನಲ್ಲಿ ಮುಳುಗಿಸುವುದು. ಇದು ಹಳೆಯ ಪದ್ಧತಿ. ಕೋಶದ ಆಕಾರ ನೋಡಿ ಒಳ್ಳೆಯದೋ ಕೆಟ್ಟದ್ದೋ ಹೇಳುವುದು. ಇನ್ನೊಂದು ಹೊಸ ಪದ್ಧತಿ. ಕೆರೆದ ಕೋಶಗಳನ್ನು ಗುಲಾಬಿ ಬಣ್ಣದ ದ್ರವವಿರುವ ಪುಟ್ಟ ಬಾಟಲಿಗೆ ಹಾಕಿ, ಬದುಕಿರುವ ಹಾಗೆಯೇ, ಐಸಿನಲ್ಲಿಟ್ಟು ಲ್ಯಾಬಿಗೆ ತರುವುದು. ಅಲ್ಲಿ ಅವನ್ನು ಗಾಜಿಗೆ ಇಳಿಸಿ, ನಾನು ಔಷಧದ ಹನಿ ಹಾಕಿ ಗಂಟೆಗಟ್ಟಲೆ ಕಾಯಬೇಕು. ಹನಿ ಒಣಗದಿರಲೆಂದು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಅದರೊಳಗೆ ಸ್ಲೈಡುಗಳನ್ನು ಮಲಗಿಸುತ್ತಿದ್ದೆ. ಒತ್ತಡದ ಪ್ರೋಟೀನು ಹೆಚ್ಚಿದ್ದರೆ ಕೋಶ ಕಂದು ಬಣ್ಣಕ್ಕೆ ತಿರುಗುತ್ತದೆ. ಕಡಿಮೆ ಇದ್ದರೆ ಪೇಲವ.

ಮೊದಲ ಶಿಬಿರ ಸಿದ್ದಾಪುರದ ಶಾಲೆಯಲ್ಲಿ. ಕುರಿಗಳನ್ನು ಗೇಟಿನ ಹೊರಗೆ ನಿಲ್ಲಿಸಿ ಬಂದ ಅಜ್ಜಿಯೊಬ್ಬಳು ಬಾಗಿಲಲ್ಲೇ ನನ್ನ ವಿಚಾರಣೆ ಶುರು ಮಾಡಿದಳು.

"ಸೂಜಿ ಹಾಕ್ತೀರೇನು?"

"ಇಲ್ಲಜ್ಜಿ."

"ಮಾತ್ರೆ ಕೊಡ್ತೀರೇನು?"

"ಅದೂ ಇಲ್ಲ."

"ಸೂಜಿ ಇಲ್ಲ, ಮಾತ್ರೆ ಇಲ್ಲ, ಬರೀ ಬಗ್ಗಿ ನೋಡಾಕೆ ಇಷ್ಟು ದೂರ ಬಂದೀರಾ? ನಿಮ್ಮೂರಾಗೆ ಮಾಡಾಕೆ ಕೆಲ್ಸ ಇಲ್ವೇನ್ರೇ?"

ಹಿಂದೆ ನಿಂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕು ಅಜ್ಜಿಯ ಹಿಂದೆಯೇ ಹೊರಟರು. ಮುಂದಿನ ಸಲದಿಂದ ರಕ್ತ ಹೆಚ್ಚಿಸುವ ಕೆಂಪು ಮಾತ್ರೆಯನ್ನಾದರೂ ಕೊಡತೊಡಗಿದೆವು. ಶಿಬಿರಕ್ಕೆ ಜನ ಬಂದರು. ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು, ಬಂದವರ ಕೈಗೆ ನಾವೂ ಏನಾದರೂ ಕೊಡಬೇಕಿತ್ತು.

ಹೀಗೆ ಎರಡನೆಯ ಸಲ ಸಿದ್ದಾಪುರದಲ್ಲಿ ಸಿಕ್ಕ ಸ್ಯಾಂಪಲ್‌ಗಳನ್ನು ಡಾಕ್ಟರ ಜೀಪಿನಲ್ಲೇ ತಂದೆವು. ಆಮೇಲೆ ನಾಯಕನಹಟ್ಟಿ ಮತ್ತು ಮೊಳಕಾಲ್ಮೂರಿನಲ್ಲಿ ವಾರವಾರ ಶಿಬಿರವಾಗತೊಡಗಿತು, ಪ್ರತಿ ಸಲ ಜೀಪು ಸಿಗುತ್ತಿರಲಿಲ್ಲ. ಐಸು ತುಂಬಲು ಡಬ್ಬಿ ಬೇಕಿತ್ತು. ಲಸಿಕೆ ಸಾಗಿಸುವ ನೀಲಿ ಡಬ್ಬಿಗಳನ್ನು ಪೋಲಿಯೋ ಹನಿ ಬಿಟ್ಟು ಬೇರೆಯದಕ್ಕೆ ಮುಟ್ಟುವಂತಿರಲಿಲ್ಲ. ನಾನು ಬೇಕರಿಯಿಂದ ಎರಡು ದೊಡ್ಡ ತಗಡಿನ ಬಿಸ್ಕತ್ ಡಬ್ಬಿ ತಂದೆ. ತಳಕ್ಕೆ ಭತ್ತದ ಹೊಟ್ಟು, ಅದರ ಮೇಲೆ ಐಸ್‌ಕ್ಯಾಂಡಿ ಅಂಗಡಿಯ ಐಸು, ಐಸಿನ ನಡುವೆ ಬಾಟಲಿಗಳು. ನಾಯಕನಹಟ್ಟಿಯ ಡಬ್ಬಿಯನ್ನು ಅಲ್ಲಿನ ನರ್ಸ್ ತೊಡೆಯ ಮೇಲಿಟ್ಟುಕೊಂಡು ತಂದುಕೊಡುತ್ತಿದ್ದಳು. ಅವಳ ಮನೆ ಚಳ್ಳಕೆರೆಯಲ್ಲೇ ಇತ್ತು. ಮೊಳಕಾಲ್ಮೂರಿನದು ಮಧ್ಯಾಹ್ನದ ಖಾಸಗಿ ಬಸ್ಸಿನಲ್ಲಿ, ಕಂಡಕ್ಟರ್ ಬಾಷಾನ ಕೈಯಲ್ಲಿ ಬರುತ್ತಿತ್ತು. ಬಾಷಾ ನಮ್ಮ ಮೊಹಲ್ಲಾದವನೇ, ಅಕ್ಕ ಎನ್ನುವ ಹಾಗೆ ನನ್ನನ್ನು ಆಪಾ ಅನ್ನುತ್ತಿದ್ದ. ಮೊದಲ ದಿನ ಅವನಿಗೆ ಹೇಳಿದ್ದೆ:

"ಇದ್ರಾಗೆ ಹೆಣ್ಮಕ್ಕಳ ಜೀವ ಐತೆ ಬಾಷಾ. ಕಣ್ಣಾಗೆ ಕಣ್ಣಿಟ್ಟು ತರಬೇಕು."

"ಫಿಕರ್ ಮಾಡ್ಬೇಡ ಆಪಾ, ನನ್ನ ಕಣ್ಮುಂದೆನೇ ಇಟ್ಕೋತೀನಿ" ಅಂದ. ಆಡಿದ ಮಾತಿಗೆ ಅವನು ತಪ್ಪಲಿಲ್ಲ. ಅದೇ ಯಡವಟ್ಟಾಯಿತು.

ಮೊಳಕಾಲ್ಮೂರಿನ ಮೊದಲ ಸ್ಲೈಡು ಕಂದು. ಎರಡನೆಯದು ಕಂದು. ಹತ್ತು ನೋಡಿದರೆ ಹತ್ತೂ ಕಂದು. ಸ್ಪಿರಿಟ್ ಸ್ಲೈಡಿನಲ್ಲಿ ಕೋಶಗಳು ಮುದ್ದಾಗಿ, ಸರಿಯಾಗಿ ಇದ್ದವರದೂ ಕಂದು. ನಾಯಕನಹಟ್ಟಿಯವು ಪೇಲವ, ಸಿದ್ದಾಪುರದವೂ ಪೇಲವ. ಡಾಕ್ಟರ್ ಸುಮಂಗಲಾ ಕನ್ನಡಕ ಮೇಲೇರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಶಮೀಮ್, ಆ ಊರಿನ ಹೆಂಗಸರು ಏನು ಮಾಡ್ತಾರೆ?"

"ರೇಷ್ಮೆ ಸೀರೆ ನೇಯ್ತಾರೆ ಮೇಡಂ. ಮನೆಮನೆಗೂ ಮಗ್ಗ."

ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಕೂರುವುದೇ ಕಾರಣವೇ? ರೇಷ್ಮೆಯನ್ನು ಬಣ್ಣಕ್ಕೆ ಅದ್ದುವಾಗ ಏಳುವ ಹಬೆಯೇ? ನನಗೂ ಉತ್ಸಾಹ ತಡೆಯಲಾಗಲಿಲ್ಲ. ಪ್ರಶ್ನೆಗಳ ಹಾಳೆ ಹಿಡಿದು ಮೊಳಕಾಲ್ಮೂರಿನ ಬೀದಿ ಸುತ್ತಿದೆ. ಗಂಗಮ್ಮನ ಪರಿಚಯವಾದದ್ದು ಆಗಲೇ. ಐವತ್ತರ ಆಸುಪಾಸಿನ ವಿಧವೆ. ಸೊಸೆ ಲಕ್ಷ್ಮಿಯ ಜೊತೆ ಸೇರಿ ಎರಡು ಮಗ್ಗ ನಡೆಸುತ್ತಿದ್ದಳು. ಸೊಸೆಯ ಜೊತೆ ತೆಲುಗು, ನನ್ನ ಜೊತೆ ಕನ್ನಡ.

"ದಿನಕ್ಕೆ ಎಷ್ಟು ಹೊತ್ತು ಮಗ್ಗದಾಗೆ ಕೂರ್ತೀರಕ್ಕ?"

"ಸೊಂಟ ಬ್ಯಾಡ ಅನ್ನೋವರ್ಗೂ."

"ಮುಟ್ಟು ನಿಂತ ಮೇಲೆ ಮತ್ತೆ ಯಾವಾಗಾರ ರಕ್ತ ಕಂಡಿತ್ತಾ?"

ಅವಳು ಸೊಸೆಯ ಕಡೆ ನೋಡಿ, ಲಾಳಿಯನ್ನು ಒಮ್ಮೆ ಆ ಕಡೆಯಿಂದ ಈ ಕಡೆಗೆ ಓಡಿಸಿ, "ಇಲ್ಲ" ಅಂದಳು. ನಾನು "ಇಲ್ಲ" ಎಂದು ಬರೆದುಕೊಂಡೆ.

ಡಾಕ್ಟರು ಕಂದು ಬಂದವರಿಗೆಲ್ಲ, ಮುಂದಿನ ತಿಂಗಳು ದೊಡ್ಡ ತಪಾಸಣೆಗೆ ಬರಬೇಕು ಎಂದು ಚೀಟಿ ಕೊಡಿಸಿದರು. ಸಂಜೆಯೊಳಗೆ ಬೀದಿಯಲ್ಲಿ ಸುದ್ದಿ: ಮಗ್ಗದ ಮನೆ ಹೆಂಗಸರಿಗೆಲ್ಲ ಕ್ಯಾನ್ಸರ್ ಅಂತೆ. ವಾರದೊಳಗೆ ಅದಕ್ಕೆ ಬಾಲ ಸೇರಿತು, ಅವರು ನೇಯ್ದ ಸೀರೆ ಉಟ್ಟವರಿಗೂ ಬರುತ್ತಂತೆ. ಒಂದು ಮನೆಯಲ್ಲಿ ಹೆಣ್ಣು ನೋಡಲು ಬರಬೇಕಿದ್ದವರು ಬರಲೇ ಇಲ್ಲ. ನಮ್ಮ ಕುತೂಹಲಕ್ಕೆ ಅವರು ನಿದ್ದೆ ಕಳೆದುಕೊಂಡರು. ಇದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಮುಂದಿನ ಶಿಬಿರಕ್ಕೆಂದು ಎರಡೂ ಬಿಸ್ಕತ್ ಡಬ್ಬಿಗಳನ್ನು ತೊಳೆದು ಬೋರಲು ಹಾಕಿದೆ. ನಾಯಕನಹಟ್ಟಿ ಡಬ್ಬಿಯ ತಳ ತುಕ್ಕು ಹಿಡಿದು ಕೆಂಪಾಗಿತ್ತು. ಮೊಳಕಾಲ್ಮೂರಿನದರ ತಳ ಬೇಕರಿಯಿಂದ ತಂದ ದಿನದ ಹಾಗೇ ಥಳಥಳ ಹೊಳೆಯುತ್ತಿತ್ತು. ಎರಡನ್ನೂ ಒಂದೇ ದಿನ ತಂದಿದ್ದೆ. ಎರಡಕ್ಕೂ ವಾರವಾರ ಐಸು ಹಾಕುತ್ತಿದ್ದೆವು. ಐಸು ಕರಗಿದರೆ ನೀರಾಗಬೇಕು, ನೀರು ನಿಂತರೆ ತುಕ್ಕು ಹಿಡಿಯಬೇಕು. ಮೊಳಕಾಲ್ಮೂರಿನ ನೀರು ಎಲ್ಲಿ ಹೋಗುತ್ತಿತ್ತು? ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಸಲ ಡಬ್ಬಿ ಇಳಿಸಿಕೊಂಡಾಗಲೂ ಒಳಗೆ ಬರೀ ಒಣ ಹೊಟ್ಟು ಇತ್ತಲ್ಲ! ಐಸೆಲ್ಲ ಬಿಸಿಲಿಗೆ ಆರಿಹೋಯಿತು ಎಂದುಕೊಂಡಿದ್ದ ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ಅವತ್ತು ಮೊಳಕಾಲ್ಮೂರಿನ ಶಿಬಿರಕ್ಕೆ ನಾನೂ ಹೋದೆ. ಮಧ್ಯಾಹ್ನ ಅದೇ ಬಸ್ಸಿಗೆ ಹತ್ತಿ, ಸೆರಗನ್ನು ಮುಖಕ್ಕೆ ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಮೊಳಕಾಲ್ಮೂರಿನ ನರ್ಸ್ ಬಂದು ಬಾಷಾನ ಕೈಗೆ ಡಬ್ಬಿ ಕೊಟ್ಟು ಹೋದಳು. ಆ ಬಸ್ಸಿನಲ್ಲಿ ಪ್ರತಿದಿನ ರೇಷ್ಮೆ ಸೀರೆಯ ಗಂಟುಗಳು ವ್ಯಾಪಾರಿಗಳಿಗೆ ಹೋಗುತ್ತಿದ್ದವು. ಬಿಳಿ ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಗಂಟು ಮುಂದಿನ ಜಾಗದಲ್ಲಿದ್ದವು. ಬಾಷಾ ಡಬ್ಬಿಯನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದ. ಕೆಳಗಿಳಿದು ಮುಚ್ಚಳ ತೆಗೆದು ಐಸು, ನೀರು ಎರಡನ್ನೂ ಚರಂಡಿಗೆ ಸುರಿದ. ಬಾಟಲಿಗಳನ್ನು ಒಂದೊಂದಾಗಿ ತನ್ನ ಅಂಗಿಯ ಚುಂಗಿನಿಂದ ಒರೆಸಿ ಹೊಟ್ಟಿನಲ್ಲಿ ನೆಟ್ಟ. ಆಮೇಲೆ ಮಗುವನ್ನು ಮಲಗಿಸುವ ಹಾಗೆ ಡಬ್ಬಿಯನ್ನು ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲಿಟ್ಟು, ಬೀಳದಿರಲೆಂದು ಟವೆಲ್ ಸುತ್ತಿದ. ನಾನು ಲಾರಿ ಮೆಕ್ಯಾನಿಕ್‌ನ ಮಗಳು. ಎರಡು ಗಂಟೆ ಓಡಿದ ಇಂಜಿನ್ನಿನ ಬಾನೆಟ್ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಬಾಷಾ!" ಎಂದು ಕೂಗಿದ ಹೊಡೆತಕ್ಕೆ ಅವನ ಕೈಯಲ್ಲಿದ್ದ ಟಿಕೆಟ್ ಬುಕ್ಕು ಕೆಳಗೆ ಬಿತ್ತು.

"ನೀರು ಸೋರ್ತೈತೆ ಆಪಾ" ಅಂದ. "ಪಕ್ಕದಾಗೇ ಸೀರೆ ಗಂಟು. ಒಂದು ಹನಿ ಬಿದ್ರೂ ಕಲೆ ಆಗ್ತೈತೆ. ಮಗ್ಗದೋರು ತಿಂಗಳಾನುಗಟ್ಲೆ ಕೂತು ನೇಯ್ದಿರ್ತಾರೆ, ಅವರ ಹೊಟ್ಟೆ ಮ್ಯಾಲೆ ಹೊಡೀಲಾ? ಬಾನೆಟ್ ಮ್ಯಾಲಾದ್ರೆ ನನ್ನ ಕಣ್ಮುಂದೆನೇ ಇರ್ತೈತೆ. ನೀನೇ ಹೇಳಿದ್ಯಲ್ಲ, ಜೀವ ಐತೆ ಅಂತ."

ಡಬ್ಬಿಯನ್ನು ಬಾನೆಟ್ ಮೇಲಿಂದ ನಾನೇ ಕೆಳಗಿಳಿಸಿದೆ. ಜೀವ ಇದೆ ಎಂದಿದ್ದೆನೇ ಹೊರತು, ಆ ಜೀವ ತಣ್ಣಗಿರಬೇಕು ಎಂದು ಹೇಳಿರಲೇ ಇಲ್ಲ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಒಂದು ಕಂದು ಸ್ಲೈಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಇನ್ನೂ ಬಿಸಿಯಾಗಿದ್ದರೆ ಸತ್ತೇ ಹೋಗುತ್ತಿದ್ದವು. ಸರಿಯಾಗಿ ಗಾಬರಿಯಾಗುವಷ್ಟೇ ಬಿಸಿ ಮಾಡಿದ್ದಾನೆ ನಿಮ್ಮ ಬಾಷಾ. ನಾನು ಹೆಂಗಸರ ಕಷ್ಟ ಅಳೆಯುತ್ತಿದ್ದೇನೆ ಅಂದುಕೊಂಡೆ. ಅಳೆದದ್ದು ಡೀಸೆಲ್ ಇಂಜಿನ್ನು!" ಎಂದರು. ಆ ಬಾಟಲಿಗಳ ಫಲಿತಾಂಶವನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದರು. "ಸ್ಪಿರಿಟ್ ಸ್ಲೈಡುಗಳಿಗೆ ಬಿಸಿಯ ಬಾಧೆ ಇಲ್ಲ. ಅವೆಲ್ಲ ಸರಿ ಇವೆ ತಾನೇ?" ಎಂದು ಕೇಳಿದರು. "ಸರಿ ಇವೆ" ಅಂದೆ.

ನಾವಿಬ್ಬರೂ ಮೊಳಕಾಲ್ಮೂರಿಗೆ ಹೋಗಿ ಮನೆಮನೆಯಲ್ಲೂ ತಪ್ಪು ಒಪ್ಪಿಕೊಂಡು ತಪಾಸಣೆಯ ಚೀಟಿಗಳನ್ನು ವಾಪಸ್ ಪಡೆದೆವು. ಕೆಲವರು ಬೈದರು, ಹೆಚ್ಚಿನವರು ನಿಟ್ಟುಸಿರು ಬಿಟ್ಟರು. ಗಂಗಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ ತಿನ್ನಿಸಿ, "ಬಸ್ಸಿಗೆ ಜ್ವರ ಬಂದ್ರೆ ನಮಗೆ ಮಾತ್ರೆ ಕೊಡಾಕೆ ಬಂದಿದ್ರಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಳು. ಡಾಕ್ಟರು ಕೆಲಸವನ್ನು ಮೊದಲಿಂದ ಶುರು ಮಾಡಿದರು. ಈ ಸಲ ಮೊಳಕಾಲ್ಮೂರಿನ ಡಬ್ಬಿ ನನ್ನ ತೊಡೆಯ ಮೇಲೆ ಬರುತ್ತಿತ್ತು, ತೊಟ್ಟಿಕ್ಕಿದ ನೀರೆಲ್ಲ ನನ್ನ ಬಟ್ಟೆಗೆ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ನಗೆಯ ಕಥೆಯಾಗಿ ಉಳಿಯುತ್ತಿತ್ತು.

ಮೂರು ನಾಲ್ಕು ತಿಂಗಳ ನಂತರ ಹಳೆಯ ಸ್ಪಿರಿಟ್ ಸ್ಲೈಡುಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಕಟ್ಟಿಡುತ್ತಿದ್ದೆ. ನನಗೊಂದು ಅನುಮಾನ ಹುಟ್ಟಿತು. ಕಂದು ಬಣ್ಣದ ಹುಚ್ಚು ಹಿಡಿದಿದ್ದ ಆ ದಿನಗಳಲ್ಲಿ ಈ ಸಾಧಾರಣ ಸ್ಲೈಡುಗಳನ್ನು ನಾನು ಮನಸ್ಸಿಟ್ಟು ನೋಡಿದ್ದೆನೇ? "ಸರಿ ಇವೆ" ಎಂದು ಡಾಕ್ಟರಿಗೆ ಹೇಳಿದ್ದೆ, ಅಷ್ಟೇ. ಒಂದೊಂದನ್ನೇ ತೆಗೆದು ಮತ್ತೆ ನೋಡತೊಡಗಿದೆ. ಎರಡನೆಯ ದಿನ ಗಂಗಮ್ಮನ ಸ್ಲೈಡು ಬಂತು. ಗಾಜಿನ ತುಂಬ ರಕ್ತ, ಕೀವಿನ ಕಣಗಳು. "ಊತ ಇದೆ, ಬೇರೇನಿಲ್ಲ" ಎಂದು ನನ್ನ ಕೈಬರಹದಲ್ಲೇ ಇತ್ತು. ಗಾಜನ್ನು ಅಂಚಿನವರೆಗೂ ಸರಿಸಿದೆ. ಅಲ್ಲಿ, ರಕ್ತದ ಮರೆಯಲ್ಲಿ, ಒಂದು ಗುಂಪು ಕೋಶಗಳಿದ್ದವು. ನಡುವಿನ ಬೊಟ್ಟು ಕಪ್ಪಗೆ ಊದಿಕೊಂಡು, ಸೊಟ್ಟಗಾಗಿ, ಕೋಶದ ತುಂಬ ತಾನೇ ತಾನಾಗಿತ್ತು. ಅಂಥದ್ದನ್ನು ಗುರುತಿಸುವುದೇ ನನ್ನ ಕೆಲಸ. ನಾನು ಅಂಚಿನವರೆಗೆ ಹೋಗಿರಲೇ ಇಲ್ಲ.

ಇನ್ನೂ ಕೆಟ್ಟ ವಿಷಯ ಆಮೇಲೆ ಹೊಳೆಯಿತು. ಬಾಷಾನ ಬಾನೆಟ್ ಕೊಟ್ಟ ಸುಳ್ಳು ಫಲಿತಾಂಶದಿಂದ ಗಂಗಮ್ಮನಿಗೂ ತಪಾಸಣೆಯ ಚೀಟಿ ಸಿಕ್ಕಿತ್ತು. ಹೋಗಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಆ ಚೀಟಿಯನ್ನು ಅವಳ ಕೈಯಿಂದ ಇಸಿದುಕೊಂಡು ಬಂದವಳು ನಾನೇ.

ಡಾಕ್ಟರು ಸ್ಲೈಡು ನೋಡಿದರು. "ಯಾರು ಓದಿದ್ದು?"

"ನಾನು."

"ಕೆಳಗಿನ ಸಹಿ?"

"ನಿಮ್ಮದು ಮೇಡಂ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದರೆ ಇಬ್ಬರದೂ ತಪ್ಪು. ನಾನು ಹೋದರೆ ಡಾಕ್ಟರು ಬಂದರು ಅಂತ ಹೆದರುತ್ತಾರೆ. ನೀವು ಹೋಗಿ ಕರೆತನ್ನಿ. ಬರಲ್ಲ ಅಂದರೂ ಬಿಡಬೇಡಿ. ಇದು ಕಾಯುವ ಕಾಯಿಲೆ ಅಲ್ಲ."

ಗಂಗಮ್ಮ ಬಾಗಿಲಲ್ಲೇ ನಗುತ್ತಾ, "ಬಾ ತಾಯಿ. ಇವತ್ತು ಐತೆ ಅಂತೀಯೋ, ಇಲ್ಲ ಅಂತೀಯೋ?" ಅಂದಳು. ನಾನು ಹೇಳಿದೆ. ಅವಳ ನಗು ನಿಂತಿತು.

"ಮೊದ್ಲು ಐತೆ ಅಂದ್ರಿ. ಆಮ್ಯಾಲೆ ಬಸ್ಸಿನ ತಪ್ಪು, ಇಲ್ಲ ಅಂದ್ರಿ. ಈಗ ಮತ್ತೆ ಐತೆ! ನಾವೇನು ನಿಮ್ಮ ಕೈಯಾಗಿನ ಗೊಂಬೆನಾ? ಈ ಸಲ ಯಾವ ಬಸ್ಸಿನ ತಪ್ಪು?"

"ಈ ಸಲ ಬಸ್ಸಿನದಲ್ಲ ಗಂಗಕ್ಕ, ನಂದು. ನಾನು ನೆಟ್ಟಗೆ ನೋಡ್ಲಿಲ್ಲ."

ಅವಳು ಒಳಗೆ ಹೋಗಿ ಮಗ್ಗದಲ್ಲಿ ಕೂತಳು. ನಾನು ಅಂಗಳದಲ್ಲೇ ನಿಂತೆ. ಬರಲು ಒಪ್ಪುವುದಿಲ್ಲ ಎಂಬ ಅನುಮಾನ ಇದ್ದದ್ದರಿಂದ ಹಳೆಯ ಮೈಕ್ರೋಸ್ಕೋಪನ್ನು ಜೊತೆಗೇ ತಂದಿದ್ದೆ. ಜಗಲಿಯ ಮೇಲಿಟ್ಟು, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಮೊದಲು ಲಕ್ಷ್ಮಿಯ ಸ್ಲೈಡು ಹಾಕಿದೆ. ಲಕ್ಷ್ಮಿಯೇ ಮೊದಲು ಬಗ್ಗಿ ನೋಡಿದ್ದು. "ಅತ್ತಮ್ಮಾ, ಚೂಡಂಡಿ!" ಎಂದು, ಬಂದು ನೋಡಿ ಅಂತ ತೆಲುಗಿನಲ್ಲಿ ಅತ್ತೆಯನ್ನು ಕೂಗಿದಳು. ಸೊಸೆಯ ದನಿಗೆ ಗಂಗಮ್ಮ ಎದ್ದು ಬಂದಳು.

"ಇದು ಲಕ್ಷ್ಮೀದು" ಅಂದೆ.

ಒಂದು ಕಣ್ಣು ಮುಚ್ಚಿ ನೋಡಿದಳು. "ಎಲ್ಲ ಒಂದೇ ಅಳತೆ. ನಡುವೆ ಒಂದೊಂದು ಸಣ್ಣ ಬೊಟ್ಟು."

"ಇದು ನಿಮ್ಮದು." ಗಾಜು ಬದಲಿಸಿ, ಅಂಚಿಗೆ ಸರಿಸಿದೆ.

ಈ ಸಲ ಅವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ಎಳೆಯೊಂದು ತಪ್ಪಿದರೂ ಗುರುತು ಹಿಡಿಯುವ ಕಣ್ಣು ಅವಳದು.

"ಇವು ಯಾಕೆ ಹಿಂಗೆ ಒಂದರ ಮ್ಯಾಲೊಂದು ಬಿದ್ದಾವೆ? ಬೊಟ್ಟು ಇಷ್ಟು ದಪ್ಪ ಯಾಕಾಗ್ಯಾವೆ?" ಅಂದಳು. ಆಮೇಲೆ ಕೇಳಿದಳು: "ಬಸ್ಸಿನಾಗೆ ಕಾದಿದ್ದು ಇವೇನಾ?"

"ಅಲ್ಲಕ್ಕ. ಇವು ಆಗಲೇ ಸ್ಪಿರಿಟ್‌ನಾಗೆ ಇದ್ವು. ಕಾದಿದ್ದು ಬಾಟ್ಲಿಯಾಗಿನವು. ಅವು ಬದುಕಿದ್ವು. ಬಿಸಿಗೆ ಸಾಯಬಾರದು ಅಂತ ಒದ್ದಾಡ್ತಿದ್ವು, ಅದಕ್ಕೇ ಕಂದು ಆಗಿದ್ದು."

"ನನ್ನ ಮೈಯಿಂದ ಕಿತ್ತ ಮ್ಯಾಲೂನಾ?"

"ಹೂಂ, ಕಿತ್ತ ಮೇಲೂ."

"ಅಬ್ಬಬ್ಬಾ" ಎಂದು ಜಗಲಿಯ ಮೇಲೆ ಕೂತಳು. ಸೊಸೆಯನ್ನು ನೀರು ತರಲು ಒಳಗೆ ಕಳಿಸಿ, ದನಿ ತಗ್ಗಿಸಿ ಹೇಳಿದಳು: "ಅವತ್ತು ರಕ್ತ ಕಂಡಿಲ್ಲ ಅಂದೆನಲ್ಲ, ಸುಳ್ಳು. ವರ್ಷದಿಂದ ಐತೆ. ಸೊಸೆ ಮುಂದೆ ಹೆಂಗೆ ಹೇಳ್ಲಿ? ಬಾಟ್ಲಿಯಾಗೆ ಬಿದ್ದಿರೋವುಕ್ಕೂ ಬದುಕಬೇಕು ಅಂತ ಅಷ್ಟು ಆಸೆ ಐತೆ. ನಾನು ನೋಡು, ಮುಚ್ಚಿಟ್ಕೊಂಡು ಕೂತಿದೀನಿ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕಣ್ಣೊರೆಸಿಕೊಂಡು ಮೈಕ್ರೋಸ್ಕೋಪಿನ ಕಡೆ ತಿರುಗಿದಳು.

"ಲಕ್ಷ್ಮೀದು ನೋಡ್ದೆ, ನಂದು ನೋಡ್ದೆ. ನಿಂದೆಲ್ಲಿ? ಹಾಕು, ನೋಡಾನ."

ಅಷ್ಟು ದಿನ ಊರೂರು ಸುತ್ತಿ, ನಾಚಿಕೊಳ್ಳಬೇಡಿ, ಹೆದರಬೇಡಿ, ಒಂದೇ ನಿಮಿಷ ಎಂದು ಹೇಳಿದ್ದವಳು ನಾನು. ನನ್ನದನ್ನು ಒಮ್ಮೆಯೂ ಮಾಡಿಸಿರಲಿಲ್ಲ. ಯಾಕೆ ಎಂದು ಕೇಳಿದರೆ ಹೇಳಲು ನನ್ನ ಬಳಿ ಕಾರಣವೂ ಇಲ್ಲ. ಹೆದರಿಕೆ, ಅಷ್ಟೇ.

"ಇಲ್ಲಕ್ಕ" ಅಂದೆ.

ಗಂಗಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾದ್ರೆ ಕೇಳು. ನೀನು ಮೊದ್ಲು ಆ ಟೇಬಲ್ ಹತ್ತು, ಆಮ್ಯಾಲೆ ನಾನು ಹತ್ತೀನಿ. ಇಲ್ಲಾಂದ್ರೆ ನಿನ್ನ ಗಾಜು ಕಟ್ಕೊಂಡು ನಡಿ."

ಮರುದಿನವೇ ಡಾಕ್ಟರ ಕಾಲೇಜಿನ ಆಸ್ಪತ್ರೆಗೆ ಇಬ್ಬರೂ ಹೋದೆವು. ನಾನು ಮೊದಲು ಹತ್ತಿದೆ. ಆ ಟೇಬಲ್ಲಿನ ರೆಕ್ಸಿನ್ ಎಷ್ಟು ತಣ್ಣಗಿರುತ್ತದೆ, ಕಾಲು ಎತ್ತಿಟ್ಟುಕೊಂಡು ಮಲಗಿದವಳಿಗೆ ಹೊರಗಿನ ಒಂದೊಂದು ಹೆಜ್ಜೆಯ ಸಪ್ಪಳವೂ ಎಷ್ಟು ಜೋರಾಗಿ ಕೇಳುತ್ತದೆ ಎಂಬುದು ನನಗೆ ಗೊತ್ತಾದದ್ದು ಅವತ್ತು. "ಒಂದೇ ನಿಮಿಷ" ಎಂದು ನಾನು ಎಲ್ಲರಿಗೂ ಹೇಳುತ್ತಿದ್ದ ಆ ನಿಮಿಷ ಬಹಳ ಉದ್ದವಾಗಿತ್ತು. ಗಂಗಮ್ಮ ನನ್ನ ತಲೆಯ ಬಳಿ ನಿಂತು ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡಿದ್ದಳು. ಆಮೇಲೆ ಅವಳು ಹತ್ತಿದಳು. ಅವಳ ಗರ್ಭಕೋಶದ ಕೊರಳಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಒಂದು ವಾರ ಬಿಟ್ಟು ಬನ್ನಿ ಎಂದರು.

ಆ ವಾರ ನಾನು ಹೇಗೆ ಕಳೆದೆನೋ ಗೊತ್ತಿಲ್ಲ. ನಮಾಜಿನಲ್ಲಿ ಕೂತರೂ ಕಣ್ಣ ಮುಂದೆ ಆ ಸ್ಲೈಡಿನ ಅಂಚು. ವಾರದ ನಂತರ ಕಾಲೇಜಿನ ಉದ್ದನೆಯ ಓಣಿಯ ಬೆಂಚಿನ ಮೇಲೆ ನಾನು, ಗಂಗಮ್ಮ ಒತ್ತಿಕೊಂಡು ಕೂತಿದ್ದೆವು. ಡಾಕ್ಟರ್ ಸುಮಂಗಲಾ ಎರಡು ಹಾಳೆ ಹಿಡಿದು ಬಂದರು. ನಾವಿಬ್ಬರೂ ಎದ್ದು ನಿಂತೆವು. ಗಂಗಮ್ಮನೇ ಕೇಳಿದಳು:

"ಈ ಹುಡುಗೀದು ಏನಾತು?"

ನಲವತ್ತೈದು ದಾಟಿದ ನನ್ನನ್ನು ಹುಡುಗಿ ಅಂದಿದ್ದಳು.

"ಚೆನ್ನಾಗಿದೆ. ಏನೂ ಇಲ್ಲ" ಅಂದರು ಡಾಕ್ಟರು.

ಗಂಗಮ್ಮ ಉಸಿರು ಬಿಟ್ಟು ಬೆಂಚಿನ ಮೇಲೆ ಕೂತಳು. "ನಂದು?" ಎಂದು ಆಮೇಲೆ ಕೇಳಿದಳು.

ಡಾಕ್ಟರು ಅವಳ ಪಕ್ಕದಲ್ಲಿ ಕೂತರು. ಅವರು ರೋಗಿಯ ಪಕ್ಕ ಕೂತದ್ದನ್ನು ನಾನು ಕಂಡಿರಲಿಲ್ಲ. "ನಿಮಗೆ ಇದೆ ಗಂಗಮ್ಮ. ಆದರೆ ಇನ್ನೂ ಮೇಲಿನ ಪದರದಲ್ಲೇ ಇದೆ, ಒಳಗೆ ಇಳಿದಿಲ್ಲ. ಆಪರೇಷನ್ ಮಾಡಿ ಪೂರ್ತಿ ತೆಗೆದುಬಿಡಬಹುದು. ಬೇಗ ಬಂದಿದ್ದೀರಿ."

ಬೇಗ! ನನ್ನ ತಪ್ಪಿನಿಂದ ಕಳೆದುಹೋದ ತಿಂಗಳುಗಳನ್ನು ಮನಸ್ಸಿನಲ್ಲೇ ಎಣಿಸುತ್ತಾ ನಾನು ತಲೆ ತಗ್ಗಿಸಿ ನಿಂತಿದ್ದೆ. ಗಂಗಮ್ಮ ನನ್ನ ಸೆರಗು ಹಿಡಿದು ಜಗ್ಗಿ ಪಕ್ಕಕ್ಕೆ ಕೂರಿಸಿಕೊಂಡಳು.

"ಕೇಳ್ದೇನವ್ವ, ಬೇಗ ಬಂದಿದೀವಂತೆ" ಅಂದಳು.